ನಯೋಬಿಯಂ ಕ್ಯಾವಿಟಿ ಕಟ್ಟಿ ಶ್ರುತಿ ಮಾಡುವುದು ಹೇಗೆ

ಕ್ಯಾವಿಟಿ ಅಂದರೆ ರೇಡಿಯೋ ತರಂಗ ತುಂಬಿಸಿ, ಒಳಗೆ ಹಾಯುವ ಎಲೆಕ್ಟ್ರಾನ್‌ಗಳ ಶಕ್ತಿ ಏರಿಸುವ ಲೋಹದ ಕೊಳವೆ. ಅದು ಬೇಕಾದ ಆವರ್ತನದಲ್ಲೇ ಮೊಳಗುವಂತೆ ಹೊಂದಿಸುವುದು ಶ್ರುತಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಯಾವಿಟಿ ಕೆಲಸದಲ್ಲಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಬೆಸೆದದ್ದನ್ನು ಬಿಚ್ಚಲು ಆಗುವುದಿಲ್ಲ. ಆಸಿಡ್ ತಿಂದ ಲೋಹ ವಾಪಸ್ ಬರುವುದಿಲ್ಲ. ಆದ್ದರಿಂದ ಪ್ರತಿ ಹಂತದಲ್ಲೂ ಅಳೆಯಿರಿ, ಬರೆದಿಡಿ, ಆಮೇಲೆ ಮುಂದೆ ಹೋಗಿ. ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ. ನಾನು ಕಂಡ ಕೆಟ್ಟ ಕ್ಯಾವಿಟಿಗಳಲ್ಲಿ ಬಹುಪಾಲು ಕೆಟ್ಟಿದ್ದು ಯಾರಿಗೂ ಗೊತ್ತಿಲ್ಲದ್ದರಿಂದ ಅಲ್ಲ, ಯಾರೋ ಒಂದು ಅಳತೆ ಬಿಟ್ಟು ಮುಂದೆ ಹೋಗಿದ್ದರಿಂದ.

ಉದಾಹರಣೆಗೆ ನಾನು ಇಟ್ಟುಕೊಳ್ಳುವುದು 1.3 ಗಿಗಾಹರ್ಟ್ಜ್‌ನ ಒಂಬತ್ತು ಸೆಲ್ಲಿನ ಟೆಸ್ಲಾ ಮಾದರಿ ಕ್ಯಾವಿಟಿ (ಟೆಸ್ಲಾ ಅನ್ನುವುದು ಈ ಆಕಾರ ಹುಟ್ಟಿದ ವೇಗವರ್ಧಕ ಯೋಜನೆಯ ಹೆಸರು). ಹ್ಯಾಂಬರ್ಗ್‌ನ ಯುರೋಪಿಯನ್ ಎಕ್ಸ್‌ಫೆಲ್ ಅನ್ನುವ ಎಕ್ಸ್-ರೇ ಲೇಸರ್ ಯಂತ್ರಕ್ಕೆ ಇಂಥವೇ ಸುಮಾರು 800 ತಯಾರಾದವು. ಈ ಮಾದರಿ ತಿಳಿದರೆ ಉಳಿದವು ಸುಲಭ. ನೋಡಲು ಒಂಬತ್ತು ಉಬ್ಬುಗಳಿರುವ ಬೂದು ಬಣ್ಣದ ಕೊಳವೆ, ಅಷ್ಟೇ. ಒಂದೊಂದು ಉಬ್ಬೂ ಒಂದು ಸೆಲ್. ಉಬ್ಬಿನ ಅತಿ ಅಗಲದ ಜಾಗಕ್ಕೆ ಇಕ್ವೇಟರ್ ಅನ್ನುತ್ತೇವೆ, ಎರಡು ಉಬ್ಬುಗಳ ನಡುವಿನ ಸೊಂಟಕ್ಕೆ ಐರಿಸ್. ಇಕ್ವೇಟರ್ ಸುಮಾರು 207 ಮಿಮೀ ಅಗಲ, ಐರಿಸ್ 70 ಮಿಮೀ. ಒಂದು ಸೆಲ್ಲಿನ ಉದ್ದ 115 ಮಿಮೀಗಿಂತ ಚೂರು ಜಾಸ್ತಿ, ಅಂದರೆ ತರಂಗದ ಉದ್ದದಲ್ಲಿ ಸರಿಯಾಗಿ ಅರ್ಧ. ಎಲೆಕ್ಟ್ರಾನ್ ಒಂದು ಸೆಲ್ ದಾಟುವಷ್ಟರಲ್ಲಿ ಕ್ಷೇತ್ರ ತಿರುವುಮುರುವಾಗಿರುತ್ತದೆ. ಹಾಗಾಗಿ ಪ್ರತಿ ಸೆಲ್ಲಿನಲ್ಲೂ ಅದಕ್ಕೆ ಮುಂದಕ್ಕೇ ತಳ್ಳು ಸಿಗುತ್ತದೆ.

ಇಷ್ಟೆಲ್ಲ ಕಷ್ಟ ಯಾಕೆ, ತಾಮ್ರದಲ್ಲೇ ಮಾಡಬಹುದಲ್ವಾ ಅಂತ ಕೇಳುವವರಿಗೆ ಒಂದು ಲೆಕ್ಕ. ಮೀಟರಿಗೆ 23.6 ಮೆಗಾವೋಲ್ಟ್ ಕ್ಷೇತ್ರವನ್ನು ಬಿಡುವಿಲ್ಲದೆ ನಿಲ್ಲಿಸಬೇಕು ಅಂದುಕೊಳ್ಳಿ. 2 ಕೆಲ್ವಿನ್‌ನಲ್ಲಿರುವ ನಯೋಬಿಯಂ ಕ್ಯಾವಿಟಿಯ ಕ್ಯೂ (ತುಂಬಿದ ಶಕ್ತಿ ಎಷ್ಟು ನಿಧಾನವಾಗಿ ಪೋಲಾಗುತ್ತದೆ ಅನ್ನುವುದರ ಅಳತೆ) 1000 ಕೋಟಿ ಇದ್ದರೆ ಗೋಡೆಯಲ್ಲಿ ಪೋಲಾಗುವುದು ಸುಮಾರು 58 ವ್ಯಾಟ್. ಅದೇ ಆಕಾರ ತಾಮ್ರದಲ್ಲಿದ್ದರೆ ಕ್ಯೂ 30 ಸಾವಿರದ ಆಸುಪಾಸು, ಪೋಲು ಸುಮಾರು 1 ಕೋಟಿ 90 ಲಕ್ಷ ವ್ಯಾಟ್. ತಾಮ್ರ ಕರಗಿಯೇ ಹೋಗುತ್ತದೆ. 2 ಕೆಲ್ವಿನ್‌ನಲ್ಲಿ ಒಂದು ವ್ಯಾಟ್ ಶಾಖ ಹೊರಗೆ ಹಾಕಲು ಹೊರಗಡೆ ಸಾವಿರ ವ್ಯಾಟ್‌ನಷ್ಟು ಖರ್ಚು ಮಾಡಿದರೂ ನಯೋಬಿಯಂ ಗೆಲ್ಲುತ್ತದೆ.

ಇನ್ನೊಂದು ಸಂಗತಿ ತಲೆಯಲ್ಲಿರಲಿ. ಹಾಳೆ 2.8 ಮಿಮೀ ದಪ್ಪ ಇದ್ದರೂ ಅತಿವಾಹಕದ (ತೀರಾ ತಂಪಿನಲ್ಲಿ ವಿದ್ಯುತ್ ತಡೆ ಕಳೆದುಕೊಳ್ಳುವ ವಸ್ತುವಿನ) ಕೆಲಸ ಮಾಡುವುದು ಒಳಮೈಯ ಮೇಲಿನ ಸುಮಾರು 40 ನ್ಯಾನೋಮೀಟರ್ ಮಾತ್ರ. ನಾವು ಮಾಡುವುದೆಲ್ಲ ಆ ತೊಗಲಿಗಾಗಿ.

ಹಾಳೆಯಿಂದ ಬಟ್ಟಲಿನವರೆಗೆ

ಹಾಳೆ ಬಂದ ಕೂಡಲೇ ಆರ್‌ಆರ್‌ಆರ್ ಕಾಗದ ನೋಡಿ. ಕೋಣೆಯ ಉಷ್ಣತೆಯಲ್ಲಿರುವ ವಿದ್ಯುತ್ ತಡೆಯನ್ನು ತೀರಾ ತಂಪಿನಲ್ಲಿ ಉಳಿಯುವ ತಡೆಯಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. 300 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಸಂಖ್ಯೆ ಜಾಸ್ತಿ ಇದ್ದಷ್ಟೂ ಲೋಹ ಶುದ್ಧ, ಶಾಖವನ್ನು ಅಷ್ಟು ಬೇಗ ಹೀಲಿಯಂಗೆ ದಾಟಿಸುತ್ತದೆ. ಒಳಗೆ ಒಂದು ಚುಕ್ಕಿ ಬಿಸಿಯಾದರೂ ಶಾಖ ಓಡಿಹೋದರೆ ಕ್ಯಾವಿಟಿ ಬದುಕುತ್ತದೆ.

ಆಮೇಲೆ ಎಡ್ಡಿ-ಕರೆಂಟ್ ಸ್ಕ್ಯಾನ್. ಹಾಳೆಯ ಮೇಲೆ ಸುರುಳಿ ಓಡಿಸಿ ಒಳಗೆ ಸಿಕ್ಕಿಕೊಂಡ ಟ್ಯಾಂಟಲಂ, ಕಬ್ಬಿಣದ ಚೂರು ಹುಡುಕುತ್ತಾರೆ. ಆ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಒಂದು ಹಳೇ ಉಪಾಯವಿದೆ. ಹಾಳೆಯನ್ನು ಶುದ್ಧ ನೀರಿನಲ್ಲಿ ಮುಳುಗಿಸಿಡಿ. ಎಲ್ಲಾದರೂ ಕಬ್ಬಿಣ ಅಂಟಿದ್ದರೆ ಅಲ್ಲಿ ತುಕ್ಕಿನ ಕೆಂಪು ಚುಕ್ಕಿ ಏಳುತ್ತದೆ. ನಯೋಬಿಯಂಗೆ ತುಕ್ಕು ಹಿಡಿಯಲ್ಲ, ಆದ್ದರಿಂದ ಕೆಂಪು ಕಂಡರೆ ಅದು ಹೊರಗಿನ ಕೊಳೆಯೇ. ಚುಕ್ಕಿ ಕಂಡಲ್ಲಿ ಉಜ್ಜಿ ತೆಗೆಯಿರಿ, ಮತ್ತೆ ಮುಳುಗಿಸಿ ನೋಡಿ. ಈ ಪರೀಕ್ಷೆ ಬೇಸರ ತರಿಸುತ್ತದೆ, ಕಾಯಬೇಕಾಗುತ್ತದೆ. ಆದರೂ ಬಿಡಬೇಡಿ.

ಹಾಳೆಯನ್ನು ಬಿಲ್ಲೆಯಾಗಿ ಕತ್ತರಿಸಿ, ನಡುವೆ ತೂತು ಮಾಡಿ, ಅಚ್ಚಿನಲ್ಲಿಟ್ಟು ಒತ್ತಿದರೆ ಅರ್ಧ ಸೆಲ್ ಬರುತ್ತದೆ, ಬುಡವಿಲ್ಲದ ಬಟ್ಟಲಿನ ಹಾಗೆ. ನಯೋಬಿಯಂ ಮೆದು, ಜೊತೆಗೆ ಅಂಟುಬುರುಕ. ಉಕ್ಕಿನ ಅಚ್ಚಿಗೆ ಕಚ್ಚಿಕೊಂಡು ಗೀರು ಬೀಳಿಸಿಕೊಳ್ಳುತ್ತದೆ. ಅದಕ್ಕೇ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದ ಅಚ್ಚು ಬಳಸುವುದು. ಒತ್ತಿ ಬಿಟ್ಟ ಮೇಲೆ ಬಟ್ಟಲು ಚೂರು ಹಿಂದಕ್ಕೆ ಸೆಟೆಯುತ್ತದೆ. ಅಚ್ಚು ಮಾಡುವಾಗಲೇ ಅಷ್ಟು ಲೆಕ್ಕ ಸೇರಿಸಿರಬೇಕು. ಆಕಾರ 0.2 ಮಿಮೀ ಒಳಗೆ ಬರಬೇಕು. ಒಂದೇ ಅಚ್ಚು, ಒಂದೇ ಒತ್ತಡ ಇದ್ದರೂ ಬೇರೆ ಬೇರೆ ಹಾಳೆ ಬೇರೆ ಬೇರೆ ಥರ ಸೆಟೆಯುತ್ತದೆ. ಹಾಳೆಯ ಸಂಖ್ಯೆಯನ್ನು ಬಟ್ಟಲಿನ ಹೊರಮೈ ಮೇಲೆ ಬರೆಯುವುದು ಅದಕ್ಕೆ. ಒಳಮೈ ಮೇಲೆ ಪೆನ್ನು, ಬೆರಳು, ಟೇಪು ಯಾವುದೂ ತಾಗಬಾರದು.

ಡಂಬ್‌ಬೆಲ್: ಶ್ರುತಿ ಶುರುವಾಗುವುದು ಇಲ್ಲಿ

ಎರಡು ಬಟ್ಟಲನ್ನು ಐರಿಸ್ ಕಡೆ ಸೇರಿಸಿ ಬೆಸೆದರೆ ಡಂಬ್‌ಬೆಲ್. ಹೊಸಬರು ಸಾಮಾನ್ಯವಾಗಿ ಅಂದುಕೊಳ್ಳುವುದೇನೆಂದರೆ ಶ್ರುತಿ ಕೊನೆಯ ಕೆಲಸ, ಇಲ್ಲಿ ಸುಮ್ನೆ ಬೆಸೆದುಕೊಂಡು ಹೋದರಾಯಿತು ಅಂತ. ಹಾಗಲ್ಲ. ಕೊನೆಯಲ್ಲಿ ಎಷ್ಟು ಎಳೆದಾಡಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಡಂಬ್‌ಬೆಲ್‌ನ ಎರಡೂ ಬಾಯಿಗೆ ಚಪ್ಪಟೆ ಲೋಹದ ತಟ್ಟೆ ಒತ್ತಿ ಹಿಡಿದು ಆವರ್ತನ ಅಳೆಯಿರಿ. ಎರಡು ಶಿಖರ ಕಾಣುತ್ತವೆ, ಸೊನ್ನೆ-ಮೋಡ್ ಮತ್ತು ಪೈ-ಮೋಡ್. ಮೋಡ್ ಅಂದರೆ ಕ್ಷೇತ್ರ ಆಡುವ ಒಂದು ಬಗೆ: ಸೊನ್ನೆಯಲ್ಲಿ ಅಕ್ಕಪಕ್ಕದ ಕ್ಷೇತ್ರ ಒಂದೇ ದಿಕ್ಕಿಗೆ, ಪೈನಲ್ಲಿ ಎದುರು ದಿಕ್ಕಿಗೆ. ಒಂದು ಬದಿಗೆ ಪುಟ್ಟ ಲೋಹದ ಕಡ್ಡಿ ತೂರಿಸಿ ಮತ್ತೆ ಅಳೆಯಿರಿ, ಆಮೇಲೆ ಇನ್ನೊಂದು ಬದಿಗೆ. ಎರಡು ಬಟ್ಟಲುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಈ ವ್ಯತ್ಯಾಸದಿಂದ ಗೊತ್ತಾಗುತ್ತದೆ. ತಟ್ಟೆ ಸರಿಯಾಗಿ ಕೂರದಿದ್ದರೆ ಅಳತೆ ಓಲಾಡುತ್ತದೆ. ತೆಗೆದು, ಒರೆಸಿ, ಮತ್ತೆ ಕೂರಿಸಿ, ಮೂರು ಸಲ ಒಂದೇ ಸಂಖ್ಯೆ ಬರುವವರೆಗೆ ನಾನು ನಂಬುವುದಿಲ್ಲ.

ಬಟ್ಟಲಿನ ಬಾಯಿಯಲ್ಲಿ, ಅಂದರೆ ಇಕ್ವೇಟರ್ ಅಂಚಿನಲ್ಲಿ, ಬೇಕೆಂದೇ ಸ್ವಲ್ಪ ಉದ್ದ ಹೆಚ್ಚು ಬಿಟ್ಟಿರುತ್ತೇವೆ. ಅಳತೆ ನೋಡಿಕೊಂಡು ಅದನ್ನು ಲೇತಿನಲ್ಲಿ ಸವರಬೇಕು. ಇಲ್ಲಿ ದಿಕ್ಕು ತಪ್ಪಬೇಡಿ. ಇಕ್ವೇಟರ್ ಅಂಚು ಸವರಿದರೆ ಆವರ್ತನ ಏರುತ್ತದೆ, ಯಾಕೆಂದರೆ ಅಲ್ಲಿ ಇರುವುದು ಕಾಂತಕ್ಷೇತ್ರ. ಕಾಂತಕ್ಷೇತ್ರದ ಜಾಗ ಕಿರಿದಾದರೆ ಆವರ್ತನ ಮೇಲಕ್ಕೆ. ಆದರೆ ಮುಗಿದ ಸೆಲ್ಲನ್ನು ಉದ್ದಕ್ಕೆ ಒತ್ತಿ ಗಿಡ್ಡ ಮಾಡಿದರೆ ಐರಿಸ್‌ಗಳು ಹತ್ತಿರ ಬರುತ್ತವೆ, ಅಲ್ಲಿರುವುದು ವಿದ್ಯುತ್ ಕ್ಷೇತ್ರ, ಆವರ್ತನ ಇಳಿಯುತ್ತದೆ. ಎರಡರಲ್ಲೂ ಸೆಲ್ ಗಿಡ್ಡವಾಗುತ್ತದೆ, ಫಲ ಮಾತ್ರ ಉಲ್ಟಾ. ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿಕೊಳ್ಳುವಂಥ ಮಾತು ಇದು. ನಾನು ಅಂಟಿಸಿಕೊಂಡಿದ್ದೇನೆ. ಬೆಸುಗೆ ಹಾಕಿದಾಗ ಇಕ್ವೇಟರ್ ಕುಗ್ಗುತ್ತದೆ, ಆ ಕುಗ್ಗುವಿಕೆಯನ್ನೂ ಸವರುವ ಮೊದಲೇ ಕಳೆಯಬೇಕು. ನಿಮ್ಮ ಯಂತ್ರದಲ್ಲಿ ಎಷ್ಟು ಕುಗ್ಗುತ್ತದೆ ಅನ್ನುವುದನ್ನು ಪ್ರಯೋಗದ ತುಂಡುಗಳ ಮೇಲೆ ನೀವೇ ಅಳೆದುಕೊಳ್ಳಿ.

ಬೆಸುಗೆ

ಬಿಸಿ ನಯೋಬಿಯಂ ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ, ಜಲಜನಕ ಎಲ್ಲವನ್ನೂ ನುಂಗುತ್ತದೆ. ನುಂಗಿದರೆ ಆರ್‌ಆರ್‌ಆರ್ ಬಿದ್ದುಹೋಗುತ್ತದೆ. ಆದ್ದರಿಂದ ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದ ಬೆಸುಗೆ ಒಂದೇ ದಾರಿ. ಬೆಸೆಯುವ ಮೊದಲು ಅಂಚುಗಳನ್ನು ಆಸಿಡ್‌ನಲ್ಲಿ ಸುಮಾರು 20 ಮೈಕ್ರಾನ್ ತಿನ್ನಿಸಿ, ಅತಿ ಶುದ್ಧ ನೀರಿನಲ್ಲಿ ತೊಳೆದು, ಧೂಳಿಲ್ಲದ ಕೋಣೆಯಲ್ಲಿ ಒಣಗಿಸಿ, ಆದಷ್ಟು ಬೇಗ ಚೇಂಬರಿಗೆ ಹಾಕಿ. ಕೆಲವು ಗಂಟೆಗಳ ಒಳಗೆ ಬೆಸೆಯಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಮಾಡೋಣ ಅನ್ನುವಂತಿಲ್ಲ. ತಡವಾದರೆ ಮತ್ತೆ ಆಸಿಡ್‌ಗೆ.

ಇಕ್ವೇಟರ್ ಬೆಸುಗೆಗೆ ಕಿರಣ ಬರುವುದು ಹೊರಗಿನಿಂದ. ಆದರೆ ನಮಗೆ ಬೇಕಾಗಿರುವುದು ಒಳಮೈಯ ನುಣುಪು. ಅಂದರೆ ಕಿರಣ ಪೂರ್ತಿ ದಪ್ಪ ಕರಗಿಸಿಕೊಂಡು ಒಳಗೆ ಬರಬೇಕು, ಆದರೆ ತೂರಿಕೊಂಡು ಹನಿ ಸಿಡಿಸಬಾರದು. ಕಿರಣವನ್ನು ಸ್ವಲ್ಪ ಹರಡಿ, ಚಿಕ್ಕ ವೃತ್ತದಲ್ಲಿ ಆಡಿಸುತ್ತಾ ಹೋದರೆ ಒಳಗಡೆ ಅಗಲವಾದ, ನಯವಾದ ಪಟ್ಟಿ ಬರುತ್ತದೆ. ಮುಗಿದ ತಕ್ಷಣ ಚೇಂಬರ್ ತೆರೆಯುವ ಆಸೆ ಎಲ್ಲರಿಗೂ ಬರುತ್ತದೆ. ಪೂರ್ತಿ ತಣ್ಣಗಾಗುವವರೆಗೆ ನಿರ್ವಾತದಲ್ಲೇ ಬಿಡಿ.

ಆಮೇಲೆ ಒಳಗೆ ಕ್ಯಾಮೆರಾ ಬಿಟ್ಟು ನೋಡಿ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ ಮತ್ತು ಕೆಇಕೆ ವೇಗವರ್ಧಕ ಪ್ರಯೋಗಾಲಯ ಸೇರಿ ಇದಕ್ಕೆಂದೇ ಒಂದು ಕ್ಯಾಮೆರಾ ವ್ಯವಸ್ಥೆ ಮಾಡಿದವು, ಕ್ಯೋಟೋ ಕ್ಯಾಮೆರಾ ಅಂತಲೇ ಹೆಸರು. ಒಂಬತ್ತು ಇಕ್ವೇಟರ್, ಸುತ್ತಲೂ ತಿರುಗಿಸುತ್ತಾ ನೂರಾರು ಚಿತ್ರ. ನನ್ನ ಮೊದಲ ವರ್ಷಗಳಲ್ಲಿ ಒಂದು ಕ್ಯಾವಿಟಿಯ ನಾಲ್ಕನೇ ಇಕ್ವೇಟರ್‌ನಲ್ಲಿ, ಬೆಸುಗೆಯ ಪಟ್ಟಿಯ ಪಕ್ಕದಲ್ಲೇ, ಒಂದು ಸಣ್ಣ ಗುಂಡಿ ಕಂಡಿತು. ಅಂಚು ಚೂಪಾಗಿತ್ತು, ಬೆಳಕನ್ನು ಓರೆಯಾಗಿ ಬಿಟ್ಟಾಗ ಒಂದು ಕಡೆ ಹೊಳೆದು ಇನ್ನೊಂದು ಕಡೆ ಕಪ್ಪಾಗಿ ಕಾಣುತ್ತಿತ್ತು. ಆಸಿಡ್‌ನಲ್ಲಿ ಹೋಗುತ್ತದೆ ಬಿಡು ಅಂದರು. ನಾನೂ ಬಿಟ್ಟೆ. ಹೋಗಲಿಲ್ಲ. ತಿಂಗಳುಗಟ್ಟಲೆ ಕೆಲಸವಾದ ಮೇಲೆ 2 ಕೆಲ್ವಿನ್‌ನಲ್ಲಿ ಪರೀಕ್ಷೆ ಮಾಡಿದಾಗ ಕ್ಯಾವಿಟಿ ತೀರಾ ಕಡಿಮೆ ಕ್ಷೇತ್ರದಲ್ಲೇ ಕ್ವೆಂಚ್ ಆಯಿತು, ಅಂದರೆ ಬಿಸಿಯಾಗಿ ಅತಿವಾಹಕ ಗುಣ ಕಳೆದುಕೊಂಡಿತು. ಎಲ್ಲಿ ಅಂತ ಹುಡುಕಿದರೆ ಅದೇ ನಾಲ್ಕನೇ ಇಕ್ವೇಟರ್, ಅದೇ ಕೋನ. ಆವತ್ತಿನಿಂದ ಗುಂಡಿ ಕಂಡರೆ ಅಲ್ಲೇ ನಿಲ್ಲಿಸುತ್ತೇನೆ. ಉಜ್ಜಿ ತೆಗೆಯಲು ಆಗುವುದಾದರೆ ಆಗಲೇ ತೆಗೆಯಬೇಕು.

ಆಸಿಡ್ ಮತ್ತು ಒಲೆ

ಅಚ್ಚು, ಲೇತು, ಬೆಸುಗೆ ಎಲ್ಲ ಸೇರಿ ಒಳಮೈಯ ಸುಮಾರು 100 ಮೈಕ್ರಾನ್ ಹಾಳು ಮಾಡಿರುತ್ತವೆ. ಅಷ್ಟನ್ನೂ ಕರಗಿಸಿ ತೆಗೆಯಬೇಕು. ಅದಕ್ಕೆ ಎರಡು ದಾರಿ. ಒಂದು ಬಿಸಿಪಿ: ಹೈಡ್ರೋಫ್ಲೋರಿಕ್, ನೈಟ್ರಿಕ್, ಫಾಸ್ಫಾರಿಕ್ ಆಸಿಡ್‌ಗಳನ್ನು 1:1:2 ಪ್ರಮಾಣದಲ್ಲಿ ಬೆರೆಸಿ, 15 ಡಿಗ್ರಿಗಿಂತ ತಣ್ಣಗಿಟ್ಟು ಹರಿಸುವುದು. ನಿಮಿಷಕ್ಕೆ ಸುಮಾರು ಒಂದು ಮೈಕ್ರಾನ್ ಹೋಗುತ್ತದೆ. ಇನ್ನೊಂದು ಎಲೆಕ್ಟ್ರೋಪಾಲಿಷ್: ಹೈಡ್ರೋಫ್ಲೋರಿಕ್ ಮತ್ತು ಸಲ್ಫ್ಯೂರಿಕ್ 1:9, ನಡುವೆ ಅಲ್ಯೂಮಿನಿಯಂ ಕಡ್ಡಿ, ಕ್ಯಾವಿಟಿಯನ್ನು ಅಡ್ಡ ಮಲಗಿಸಿ ನಿಧಾನವಾಗಿ ತಿರುಗಿಸುತ್ತಾ ವಿದ್ಯುತ್ ಹಾಯಿಸುವುದು. ಇದು ನಿಧಾನ, ಆದರೆ ಮೈ ಕನ್ನಡಿಯಾಗುತ್ತದೆ. ಹೆಚ್ಚು ಕ್ಷೇತ್ರ ಬೇಕೆಂದರೆ ನನ್ನ ಆಯ್ಕೆ ಯಾವಾಗಲೂ ಎಲೆಕ್ಟ್ರೋಪಾಲಿಷ್. ಬಿಸಿಪಿ ಹರಳುಗಳ ಅಂಚಿನಲ್ಲಿ ಮೆಟ್ಟಿಲು ಬಿಡುತ್ತದೆ. ಎಲೆಕ್ಟ್ರೋಪಾಲಿಷ್ ಆದ ಮೇಲೆ ಗಂಧಕದ ಕಣ ಗೋಡೆಗೆ ಅಂಟಿಕೊಂಡಿರುತ್ತದೆ, ಎಥನಾಲ್‌ನಲ್ಲಿ ತೊಳೆದು ತೆಗೆಯಿರಿ.

ಹೈಡ್ರೋಫ್ಲೋರಿಕ್ ಆಸಿಡ್ ಬಗ್ಗೆ ಗಂಭೀರವಾಗಿ ಹೇಳುತ್ತೇನೆ. ಚರ್ಮಕ್ಕೆ ತಾಗಿದ ಕೂಡಲೇ ಉರಿಯದೇ ಇರಬಹುದು. ಗಂಟೆಗಳ ನಂತರ ನೋವು ಶುರುವಾಗುವಷ್ಟರಲ್ಲಿ ಅದು ಮಾಂಸಕ್ಕೆ ಇಳಿದು ರಕ್ತದ ಕ್ಯಾಲ್ಸಿಯಂ ಹೀರುತ್ತಿರುತ್ತದೆ. ಜೀವಕ್ಕೇ ಅಪಾಯ. ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವ ಜಾಗದಲ್ಲಿಲ್ಲದೆ ಬಾಟಲಿ ತೆರೆಯಬೇಡಿ. ಒಬ್ಬರೇ ಕೆಲಸ ಮಾಡಬೇಡಿ. ಹನಿ ತಾಗಿತು ಅಂತ ಅನುಮಾನ ಬಂದರೂ ಸಾಕು, ತೊಳೆದು, ಜೆಲ್ ಹಚ್ಚಿ, ನೇರ ವೈದ್ಯರ ಬಳಿ ಹೋಗಿ. ಇದನ್ನು ಮನೆಯಲ್ಲಿ, ಗ್ಯಾರೇಜಿನಲ್ಲಿ ಯಾರೂ ಪ್ರಯತ್ನ ಮಾಡಬಾರದು. ತರಬೇತಿ ಮತ್ತು ಅದಕ್ಕೆಂದೇ ಕಟ್ಟಿದ ಘಟಕ ಎರಡೂ ಬೇಕು.

ಆಸಿಡ್ ಕೆಲಸದಲ್ಲಿ ಲೋಹಕ್ಕೆ ಜಲಜನಕ ಸೇರಿಕೊಳ್ಳುತ್ತದೆ. ತಂಪು ಮಾಡುವಾಗ 150ರಿಂದ 75 ಕೆಲ್ವಿನ್ ನಡುವೆ ಅದು ಹೈಡ್ರೈಡ್ ಆಗಿ ಗಡ್ಡೆ ಕಟ್ಟುತ್ತದೆ, ಕ್ಯೂ ಕುಸಿಯುತ್ತದೆ. ಕ್ಯೂ-ಕಾಯಿಲೆ ಅಂತಲೇ ಕರೆಯುತ್ತೇವೆ. ಮದ್ದು ನಿರ್ವಾತದ ಒಲೆ: 800 ಡಿಗ್ರಿ, ಎರಡು ಮೂರು ಗಂಟೆ. ಒಲೆಯಿಂದ ಬಂದ ಕ್ಯಾವಿಟಿ ಮೊದಲಿಗಿಂತ ಮೆದುವಾಗಿರುತ್ತದೆ. ಎತ್ತುವಾಗ ಸೆಲ್ಲಿಗೆ ಕೈ ಹಾಕಬೇಡಿ, ಎರಡು ತುದಿಯ ಆಧಾರ ಹಿಡಿಯಿರಿ. ಇದೇ ಒಲೆಯಲ್ಲಿ ಎರಡು ನಿಮಿಷ ಸ್ವಲ್ಪ ಸಾರಜನಕ ಬಿಟ್ಟು, ಆರು ನಿಮಿಷ ನಿರ್ವಾತದಲ್ಲಿ ಇಟ್ಟು, ಆಮೇಲೆ ಐದು ಮೈಕ್ರಾನ್ ಎಲೆಕ್ಟ್ರೋಪಾಲಿಷ್ ಮಾಡಿದರೆ ಕ್ಯೂ ಎರಡು ಮೂರು ಪಟ್ಟು ಏರುತ್ತದೆ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಸಿಕ್ಕ ಈ ವಿದ್ಯೆಯನ್ನು ಎಲ್‌ಸಿಎಲ್‌ಎಸ್-2 ಅನ್ನುವ ಎಕ್ಸ್-ರೇ ಲೇಸರ್ ಯಂತ್ರ ಬಳಸಿಕೊಂಡಿತು. ಅದರ ಕತೆ ಬೇರೆಯೇ ದೊಡ್ಡದು, ಇಲ್ಲಿಗೆ ಬಿಡುತ್ತೇನೆ.

ಮಣಿ ಎಳೆದು ಶ್ರುತಿ ಮಾಡುವುದು

ನನಗೆ ಅತಿ ಇಷ್ಟದ ಕೆಲಸ ಇದು. ಕ್ಯಾವಿಟಿಯನ್ನು ಬೆಂಚಿನ ಮೇಲೆ ಮಲಗಿಸಿ, ಎರಡು ತುದಿಯಲ್ಲೂ ಚಿಕ್ಕ ಆಂಟೆನಾ ಇಟ್ಟು ನೆಟ್‌ವರ್ಕ್ ಅನಲೈಸರ್‌ಗೆ (ಒಂದೊಂದೇ ಆವರ್ತನ ಕಳಿಸಿ ಕ್ಯಾವಿಟಿ ಎಲ್ಲಿ ಮೊಳಗುತ್ತದೆ ಅಂತ ತೋರಿಸುವ ಉಪಕರಣ) ಜೋಡಿಸಿ. ಪರದೆ ಮೇಲೆ ಒಂಬತ್ತು ಶಿಖರ ಕಾಣುತ್ತವೆ. ಒಂಬತ್ತು ಲೋಲಕಗಳನ್ನು ಸ್ಪ್ರಿಂಗಿನಿಂದ ಕಟ್ಟಿದ ಹಾಗೆ, ಒಂಬತ್ತು ಸೆಲ್ಲಿಗೆ ಒಂಬತ್ತು ಮೋಡ್. ಎಲ್ಲ ಸೇರಿ ಸುಮಾರು 24 ಮೆಗಾಹರ್ಟ್ಜ್ ಅಗಲದಲ್ಲಿ ನಿಂತಿರುತ್ತವೆ. ನಮಗೆ ಬೇಕಾಗಿರುವುದು ಎಲ್ಲಕ್ಕಿಂತ ಮೇಲಿನದು, ಪೈ-ಮೋಡ್. ಅದರ ಪಕ್ಕದ ಶಿಖರ ಬರೀ ಮುಕ್ಕಾಲು ಮೆಗಾಹರ್ಟ್ಜ್ ದೂರದಲ್ಲಿ ಇರುತ್ತದೆ. ಗಡಿಬಿಡಿಯಲ್ಲಿ ಅದನ್ನೇ ಪೈ ಅಂದುಕೊಳ್ಳಬೇಡಿ. ಒಂಬತ್ತನ್ನೂ ಎಣಿಸಿ.

ಈಗ ನಡುವಿನ ಅಕ್ಷದಲ್ಲಿ ತೆಳು ನೈಲಾನ್ ದಾರ ಬಿಗಿದು, ಅದರಲ್ಲಿ ಒಂದು ಪುಟ್ಟ ಮಣಿ ಕಟ್ಟಿ, ಮೋಟಾರಿನಿಂದ ನಿಧಾನವಾಗಿ ಎಳೆಯಿರಿ. ಮಣಿ ವಿದ್ಯುತ್ ಕ್ಷೇತ್ರ ಇರುವಲ್ಲಿಗೆ ಬಂದಾಗ ಆವರ್ತನ ಚೂರು ಇಳಿಯುತ್ತದೆ. ಪರದೆ ಮೇಲೆ ಗೆರೆ ಮೆಲ್ಲಗೆ ತಗ್ಗುತ್ತದೆ, ಸೆಲ್ಲಿನ ನಡುವಿಗೆ ಬಂದಾಗ ತಳ ಮುಟ್ಟುತ್ತದೆ, ಐರಿಸ್ ಹತ್ತಿರ ಮತ್ತೆ ಮೇಲೇರುತ್ತದೆ. ಒಂಬತ್ತು ಸಲ ಹೀಗೆ. ಆ ತಗ್ಗಿನ ಆಳದ ವರ್ಗಮೂಲವೇ ಆ ಸೆಲ್ಲಿನ ಕ್ಷೇತ್ರದ ಅಳತೆ. ವರ್ಗಮೂಲ ಮರೆತು ಆಳವನ್ನೇ ಹೋಲಿಸಿದರೆ ವ್ಯತ್ಯಾಸ ದುಪ್ಪಟ್ಟು ಕಾಣುತ್ತದೆ.

ಒಂಬತ್ತೂ ತಗ್ಗು ಸಮವಾಗಿರಬೇಕು. ಅತಿ ಕಡಿಮೆ ಕ್ಷೇತ್ರವನ್ನು ಅತಿ ಹೆಚ್ಚು ಕ್ಷೇತ್ರದಿಂದ ಭಾಗಿಸಿದರೆ ಶೇ 98ಕ್ಕಿಂತ ಮೇಲೆ ಬರಬೇಕು. ಒಂದು ಸೆಲ್ ಮಾತ್ರ ಎತ್ತರದಲ್ಲಿದ್ದರೆ ಅದೇ ಮೊದಲು ಕ್ವೆಂಚ್ ಆಗುತ್ತದೆ, ಉಳಿದ ಎಂಟರ ಶಕ್ತಿ ದಂಡ. ಸೆಲ್‌ಗಳ ನಡುವಿನ ನಂಟು ಇಲ್ಲಿ ಬರೀ ಶೇ 1.87. ನಂಟು ಕಡಿಮೆ ಇದ್ದಷ್ಟೂ, ಸೆಲ್ ಜಾಸ್ತಿ ಇದ್ದಷ್ಟೂ ಸಣ್ಣ ತಪ್ಪು ದೊಡ್ಡದಾಗಿ ಕಾಣುತ್ತದೆ. ಸೆಲ್‌ಗಳ ಸಂಖ್ಯೆಯ ವರ್ಗವನ್ನು ನಂಟಿನಿಂದ ಭಾಗಿಸಿ: 81 ಭಾಗಿಸು 0.0187, ಅಂದರೆ ನಾಲ್ಕು ಸಾವಿರಕ್ಕೂ ಮೇಲೆ. ಒಂದು ಸೆಲ್ಲಿನ ಆವರ್ತನದಲ್ಲಿ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದರೂ ಕ್ಷೇತ್ರ ಹತ್ತಾರು ಶೇಕಡಾ ವಾಲಬಹುದು.

ಸರಿಪಡಿಸುವುದು ಹೀಗೆ. ಪೈ-ಮೋಡ್‌ನಲ್ಲಿ ಯಾವ ಸೆಲ್ಲಿನ ಸ್ವಂತ ಆವರ್ತನ ಹೆಚ್ಚೋ ಅಲ್ಲಿ ಕ್ಷೇತ್ರವೂ ಹೆಚ್ಚು. ತಗ್ಗು ಆಳವಾಗಿರುವ ಸೆಲ್ಲನ್ನು ಒತ್ತಿ, ಆಳವಿಲ್ಲದ್ದನ್ನು ಎಳೆಯಿರಿ. ಸೆಲ್ಲಿನ ಎರಡೂ ಬದಿಯ ಐರಿಸ್‌ಗೆ ದವಡೆ ಕೂರಿಸಿ ಯಂತ್ರ ಎಳೆಯುತ್ತದೆ ಅಥವಾ ಒತ್ತುತ್ತದೆ. ಸ್ವಲ್ಪ ಎಳೆದು ಬಿಟ್ಟರೆ ಲೋಹ ವಾಪಸ್ ಹೋಗಿಬಿಡುತ್ತದೆ, ಏನೂ ಆಗಿರುವುದಿಲ್ಲ. ಮತ್ತೆ ಸ್ವಲ್ಪ ಜಾಸ್ತಿ, ಬಿಡಿ, ನೋಡಿ. ಒಂದು ಹಂತದಲ್ಲಿ ಪರದೆ ಮೇಲಿನ ಶಿಖರ ಹಳೇ ಜಾಗಕ್ಕೆ ಬರದೆ ಪಕ್ಕದಲ್ಲಿ ನಿಲ್ಲುತ್ತದೆ. ಆಗ ಲೋಹ ಮಾತು ಕೇಳಿತು ಅಂತ ಅರ್ಥ. ಅಲ್ಲಿಂದ ಮುಂದೆ ತೀರಾ ಚಿಕ್ಕ ಚಿಕ್ಕ ಹೆಜ್ಜೆ. ಗುರಿ ದಾಟಿಸಿ ವಾಪಸ್ ಎಳೆಯುವ ಕೆಲಸ ಮಾತ್ರ ಬೇಡ. ಹಿಂದೆ ಮುಂದೆ ಮಾಡಿದಷ್ಟೂ ಲೋಹ ಗಡುಸಾಗುತ್ತದೆ, ಮುಂದಿನ ಹೆಜ್ಜೆ ಅಂದಾಜಿಗೆ ಸಿಗುವುದಿಲ್ಲ.

ಒಂದು ಸೆಲ್ಲನ್ನು ಬದಲಿಸಿದರೆ ಇಡೀ ಕ್ಯಾವಿಟಿಯ ಪೈ-ಆವರ್ತನ ಅದರ ಒಂಬತ್ತರಲ್ಲಿ ಒಂದು ಪಾಲು ಸರಿಯುತ್ತದೆ. ಹಾಗಾಗಿ ಪ್ರತಿ ಸೆಲ್ಲಿಗೆ ಎಷ್ಟು ಬೇಕೋ ಅಷ್ಟನ್ನು ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಕೊಂಡರೆ ಎಳೆಯುವಾಗ ಪೈ-ಶಿಖರವನ್ನಷ್ಟೇ ನೋಡುತ್ತಾ ಹೋಗಬಹುದು. ಎಲ್ಲ ಸೆಲ್ ಮುಗಿದ ಮೇಲೆ ಮತ್ತೆ ಮಣಿ ಎಳೆಯಿರಿ. ಎರಡನೇ ಅಥವಾ ಮೂರನೇ ಸುತ್ತಿನಲ್ಲಿ ಶ್ರುತಿ ಕೂರುತ್ತದೆ. ದವಡೆ ಒಂದು ಬದಿಗೆ ಜಾಸ್ತಿ ಒತ್ತಿದರೆ ಕ್ಯಾವಿಟಿ ಬಿಲ್ಲಿನ ಹಾಗೆ ಬಾಗುತ್ತದೆ. ನಡುನಡುವೆ ನೆಟ್ಟಗಿದೆಯಾ ಅಂತಲೂ ಅಳೆಯುತ್ತಿರಿ.

ಬೆಂಚಿನ ಮೇಲೆ ಗುರಿ 1300 ಮೆಗಾಹರ್ಟ್ಜ್ ಅಲ್ಲ. 2 ಕೆಲ್ವಿನ್‌ಗೆ ಇಳಿಸಿದಾಗ ನಯೋಬಿಯಂ ಶೇ 0.143ರಷ್ಟು ಕುಗ್ಗುತ್ತದೆ, ಆವರ್ತನ ಸುಮಾರು 1.86 ಮೆಗಾಹರ್ಟ್ಜ್ ಏರುತ್ತದೆ. ಒಳಗಿನ ಗಾಳಿ ತೆಗೆದಾಗ ಇನ್ನೂ 0.38 ಏರುತ್ತದೆ. ಅಂದರೆ ಬೆಂಚಿನ ಮೇಲೆ 1297.8ರ ಸುತ್ತಮುತ್ತ ಇರಬೇಕು. ಮುಂದೆ ಆಸಿಡ್‌ನಲ್ಲಿ ಇನ್ನೂ 20 ಮೈಕ್ರಾನ್ ತೆಗೆಯುವುದು ಬಾಕಿ ಇದ್ದರೆ ಆಗ ಆವರ್ತನ ಇಳಿಯುತ್ತದೆ, ಅಷ್ಟು ಮೇಲೆ ಬಿಡಿ. ಮುಂದೆ ಕ್ಯಾವಿಟಿಯನ್ನು ಎಳೆದು ಹಿಡಿಯುವ ಟ್ಯೂನರ್ ಕೊಡುವ ಬಿಗಿತದ ಲೆಕ್ಕವೂ ಸೇರಬೇಕು.

ಈ ಕೆಲಸದಲ್ಲಿ ನನ್ನ ಒಂದು ಇಡೀ ದಿನ ನುಂಗಿದ್ದು ಬಾಗಿಲು. ಒಂದು ಕ್ಯಾವಿಟಿಯಲ್ಲಿ ಒಂದನೇ ಸೆಲ್‌ನಿಂದ ಒಂಬತ್ತನೆಯದಕ್ಕೆ ತಗ್ಗುಗಳು ಮೆಟ್ಟಿಲಿನ ಹಾಗೆ ಆಳವಾಗುತ್ತಾ ಹೋಗುತ್ತಿದ್ದವು. ತುದಿಯ ಸೆಲ್ ಒತ್ತಿದೆ, ಇಳಿಜಾರು ಬದಲಾಯಿತು. ಮತ್ತೆ ಎಳೆದೆ, ಮತ್ತೆ ಬೇರೆ. ಸಂಜೆ ಹೊತ್ತಿಗೆ ಏನೂ ಮುಟ್ಟದೆ ಎರಡು ಸಲ ಮಣಿ ಎಳೆದು ನೋಡಿದೆ. ಎರಡು ಚಿತ್ರ ಬೇರೆ ಬೇರೆ! ಕೋಣೆಯ ಬಾಗಿಲು ತೆರೆದಾಗಲೆಲ್ಲ ತಣ್ಣನೆ ಗಾಳಿ ಬರುತ್ತಿತ್ತು. ಒಂದು ಡಿಗ್ರಿ ಉಷ್ಣತೆ ಬದಲಾದರೆ ಈ ಕ್ಯಾವಿಟಿಯ ಆವರ್ತನ ಸುಮಾರು 9.5 ಕಿಲೋಹರ್ಟ್ಜ್ ಸರಿಯುತ್ತದೆ. ಮಣಿ ಉಂಟುಮಾಡುವ ತಗ್ಗಿನ ಜೊತೆ ಇದೂ ಸೇರಿಕೊಂಡು ಇಲ್ಲದ ಇಳಿಜಾರು ತೋರಿಸುತ್ತಿತ್ತು. ಈಗ ನಾನು ಕ್ಯಾವಿಟಿಯನ್ನು ಹಿಂದಿನ ರಾತ್ರಿಯೇ ಬೆಂಚಿನ ಮೇಲೆ ಇಡುತ್ತೇನೆ, ಮೈಗೆ ಥರ್ಮಾಮೀಟರ್ ಕಟ್ಟುತ್ತೇನೆ, ಬಾಗಿಲು ಹಾಕಿಸುತ್ತೇನೆ, ಮಣಿ ಹೊರಗಿದ್ದಾಗಿನ ಆವರ್ತನವನ್ನು ಓಟದ ಮೊದಲು ಮತ್ತು ಕೊನೆಗೆ ಎರಡೂ ಸಲ ಬರೆಯುತ್ತೇನೆ. ಎರಡೂ ಒಂದೇ ಇಲ್ಲದಿದ್ದರೆ ಆ ಓಟ ಲೆಕ್ಕಕ್ಕಿಲ್ಲ.

ಧೂಳು

ಶ್ರುತಿ ಆದ ಮೇಲೆ ಕೊನೆಯ ತೆಳು ಎಲೆಕ್ಟ್ರೋಪಾಲಿಷ್, ಆಮೇಲೆ ಅತಿ ಶುದ್ಧ ನೀರಿನ ಜೆಟ್. ಸುಮಾರು 100 ಬಾರ್ ಒತ್ತಡದಲ್ಲಿ, ಕೋಲಿನ ತುದಿಯ ರಂಧ್ರಗಳಿಂದ ನೀರು ಚಿಮ್ಮುತ್ತಾ ಒಳಮೈಯ ಪ್ರತಿ ಚುಕ್ಕೆಯನ್ನೂ ಹೊಡೆಯಬೇಕು. ಗಂಟೆಗಟ್ಟಲೆ, ಹಲವು ಸುತ್ತು. ಧೂಳಿನ ಒಂದು ಕಣ ಐರಿಸ್ ಹತ್ತಿರ ಕೂತರೂ ಹೆಚ್ಚಿನ ಕ್ಷೇತ್ರದಲ್ಲಿ ಅದರ ಮೊನೆಯಿಂದ ಎಲೆಕ್ಟ್ರಾನ್ ಹಾರಲು ಶುರುವಾಗುತ್ತದೆ, ಎಕ್ಸ್-ರೇ ಬರುತ್ತದೆ, ಕ್ಯೂ ಕುಸಿಯುತ್ತದೆ.

ಜೋಡಣೆ ಐಎಸ್‌ಓ 4 ದರ್ಜೆಯ ಸ್ವಚ್ಛ ಕೋಣೆಯಲ್ಲಿ. ಪ್ರತಿ ಬೋಲ್ಟು, ನಟ್ಟು, ಗ್ಯಾಸ್ಕೆಟ್ಟನ್ನು ಕಣ ಎಣಿಸುವ ಯಂತ್ರದ ಬಾಯಿ ಮುಂದೆ ಹಿಡಿದು ಅಯಾನೀಕರಿಸಿದ ಸಾರಜನಕ ಊದಬೇಕು. ಮೊದಲ ಊದಿಗೆ ಯಂತ್ರ ಸಾವಿರಗಳಲ್ಲಿ ಎಣಿಸುತ್ತದೆ. ತಿರುಗಿಸಿ, ಮತ್ತೆ ಊದಿ. ನೂರು. ಮತ್ತೆ ಊದಿ. ಹತ್ತು. ಸೊನ್ನೆ ಬಂದ ಮೇಲೆ ಮಾತ್ರ ಅದು ಕ್ಯಾವಿಟಿ ಹತ್ತಿರ ಹೋಗಬಹುದು. ಬೋಲ್ಟು ಬಿಗಿಯುವಾಗ ಕೈ ನಿಧಾನವಾಗಿರಲಿ, ತೆರೆದ ಬಾಯಿಯ ಮೇಲೆ ಕೈ ಹಾಯಬಾರದು. ಪಂಪ್ ಹಾಕುವಾಗಲೂ ಅವಸರ ಬೇಡ. ಜೋರಾಗಿ ಗಾಳಿ ಎಳೆದರೆ ಕೊಳವೆಯ ಮೂಲೆಯ ಧೂಳೆಲ್ಲ ಎದ್ದು ಒಳಗೆ ಹೋಗುತ್ತದೆ.

ನಿರ್ವಾತ ನಿಂತ ಮೇಲೆ 120 ಡಿಗ್ರಿಯಲ್ಲಿ 48 ಗಂಟೆ ಬೇಯಿಸಿ. ಎಲೆಕ್ಟ್ರೋಪಾಲಿಷ್ ಆದ ಕ್ಯಾವಿಟಿಯಲ್ಲಿ ಹೆಚ್ಚಿನ ಕ್ಷೇತ್ರಕ್ಕೆ ಹೋದಾಗ ಕ್ಯೂ ದಿಢೀರ್ ಜಾರುವುದು ಇದರಿಂದ ನಿಲ್ಲುತ್ತದೆ.

ತಂಪಿನಲ್ಲಿ

ನಯೋಬಿಯಂ ಅತಿವಾಹಕವಾಗುವುದು 9.2 ಕೆಲ್ವಿನ್‌ನಲ್ಲಿ. ಆ ಗೆರೆ ದಾಟುವ ಕ್ಷಣದಲ್ಲಿ ಸುತ್ತ ಕಾಂತಕ್ಷೇತ್ರ ಇದ್ದರೆ ಅದು ಲೋಹದೊಳಗೆ ಸಿಕ್ಕಿಬೀಳುತ್ತದೆ. ಭೂಮಿಯ ಕಾಂತಕ್ಷೇತ್ರ ಪೂರ್ತಿ ಸಿಕ್ಕಿಕೊಂಡರೆ ಅದೊಂದರಿಂದಲೇ ಕ್ಯೂ 100ರಿಂದ 200 ಕೋಟಿಗೆ ಇಳಿಯುತ್ತದೆ. ಕಾಂತ ಕವಚ ಸರಿ ಇದೆಯಾ ಅಂತ ಮೀಟರ್ ಹಿಡಿದು ನೋಡಿದ ಮೇಲೆಯೇ ಹೀಲಿಯಂ ಬಿಡಿ. 4.2 ಕೆಲ್ವಿನ್ ತಲುಪಿದ ಮೇಲೆ ಪಂಪ್ ಮಾಡುತ್ತಾ ಒತ್ತಡವನ್ನು ಸುಮಾರು 31 ಮಿಲಿಬಾರ್‌ಗೆ ಇಳಿಸಿದರೆ 2 ಕೆಲ್ವಿನ್. 2.17ರಲ್ಲಿ ಕುದಿಯುತ್ತಿದ್ದ ಹೀಲಿಯಂ ಒಮ್ಮೆಲೇ ಕನ್ನಡಿಯ ಹಾಗೆ ಶಾಂತವಾಗುತ್ತದೆ. ಗಾಜಿನ ಪಾತ್ರೆಯಲ್ಲಿ ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆಮೇಲೆ ಕ್ಷೇತ್ರ ಏರಿಸುತ್ತಾ ಕ್ಯೂ ಬರೆಯಿರಿ. ಗೆರೆಯನ್ನು ಓದುವುದು ಕಷ್ಟವಲ್ಲ. ಕ್ಯೂ ಮೆಲ್ಲಗೆ ಇಳಿಯುತ್ತಾ ಎಕ್ಸ್-ರೇ ಏರಿದರೆ ಧೂಳು. ಎಕ್ಸ್-ರೇ ಇಲ್ಲದೆ ಒಮ್ಮೆಲೇ ಬಿದ್ದರೆ ಕ್ವೆಂಚ್, ಎಲ್ಲೋ ಗುಂಡಿ ಅಥವಾ ಚೂರು ಇದೆ. 17ರಿಂದ 20 ಮೆಗಾವೋಲ್ಟ್ ನಡುವೆ ಕಿರಿಕಿರಿ ಮಾಡಿ ಸ್ವಲ್ಪ ಹೊತ್ತಿನ ನಂತರ ತಾನೇ ಸರಿಹೋದರೆ ಅದು ಮಲ್ಟಿಪ್ಯಾಕ್ಟಿಂಗ್, ಅಂದರೆ ಗೋಡೆಗೆ ಬಡಿದ ಎಲೆಕ್ಟ್ರಾನ್‌ಗಳು ಇನ್ನಷ್ಟು ಎಲೆಕ್ಟ್ರಾನ್ ಎಬ್ಬಿಸುತ್ತಾ ಹೋಗುವುದು. ತಾಳ್ಮೆ ಸಾಕು. ಕಡಿಮೆ ಕ್ಷೇತ್ರದಲ್ಲೇ ಕ್ಯೂ ಕೆಟ್ಟಿದ್ದರೆ ಜಲಜನಕ ಅಥವಾ ಕಾಂತ ಕವಚವನ್ನು ಅನುಮಾನಿಸಿ. ಕ್ವೆಂಚ್ ಆದ ಜಾಗದಿಂದ ಹೀಲಿಯಂನಲ್ಲಿ ಶಾಖದ ಅಲೆಯೊಂದು ಸೆಕೆಂಡಿಗೆ 17 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಸುತ್ತ ಮೂರು ನಾಲ್ಕು ಸೆನ್ಸರ್ ಇಟ್ಟು, ಅಲೆ ಯಾವುದಕ್ಕೆ ಯಾವಾಗ ತಲುಪಿತು ಅಂತ ನೋಡಿದರೆ ಜಾಗ ಸಿಗುತ್ತದೆ. ನನ್ನ ನಾಲ್ಕನೇ ಇಕ್ವೇಟರ್ ಸಿಕ್ಕಿದ್ದೂ ಹಾಗೆಯೇ.

ಯಂತ್ರಕ್ಕೆ ಸೇರಿದ ಮೇಲೂ ಶ್ರುತಿ ಮುಗಿಯುವುದಿಲ್ಲ. ಮೋಟಾರಿನ ಟ್ಯೂನರ್ ಇಡೀ ಕ್ಯಾವಿಟಿಯನ್ನು ಎಳೆದು 1300ಕ್ಕೆ ತರುತ್ತದೆ. ಒಂದು ಮಿಮೀ ಎಳೆದರೆ ಸುಮಾರು 315 ಕಿಲೋಹರ್ಟ್ಜ್, ಅಂದರೆ ಒಂದು ಮೈಕ್ರಾನ್‌ಗೆ 315 ಹರ್ಟ್ಜ್. ಇನ್ನು ಕ್ಷೇತ್ರ ತುಂಬಿದಾಗ ಅದರ ಒತ್ತಡಕ್ಕೇ ಗೋಡೆ ಬಾಗುತ್ತದೆ. 23.6 ಮೆಗಾವೋಲ್ಟ್‌ನಲ್ಲಿ ಇದರಿಂದ ಆವರ್ತನ 550 ಹರ್ಟ್ಜ್‌ನಷ್ಟು ಇಳಿಯುತ್ತದೆ. ಬೀಮಿಗೆ, ಅಂದರೆ ಎಲೆಕ್ಟ್ರಾನ್‌ಗಳ ಹರಿವಿಗೆ, ಹೊಂದಿಸಿದ ಕ್ಯಾವಿಟಿಯ ಕ್ಯೂ 30 ಲಕ್ಷ ಇದ್ದರೆ ಅದರ ಶಿಖರದ ಅಗಲವೇ ಸುಮಾರು 430 ಹರ್ಟ್ಜ್. ಶ್ರುತಿ ಶಿಖರದಿಂದಲೇ ಜಾರಿಹೋಗುತ್ತದೆ. ಅದಕ್ಕೇ ಟ್ಯೂನರಿನಲ್ಲಿ ಪೀಜೋ, ಅಂದರೆ ವೋಲ್ಟೇಜ್ ಕೊಟ್ಟರೆ ಚೂರು ಉದ್ದವಾಗುವ ತುಂಡು, ಇರುವುದು. ಪಲ್ಸ್ ಬರುವ ಚೂರು ಮೊದಲು ಅದು ಕ್ಯಾವಿಟಿಯನ್ನು ಒಂದೆರಡು ಮೈಕ್ರಾನ್ ಎಳೆದು ಹಿಡಿಯುತ್ತದೆ. ಪೀಜೋ ಜೋಡಿಸಿದ ದಿನವೇ ಅದಕ್ಕೆ ಬೇರೆ ಬೇರೆ ಆವರ್ತನದ ಸಣ್ಣ ಅಲುಗಾಟ ಕೊಟ್ಟು ಕ್ಯಾವಿಟಿ ಎಲ್ಲೆಲ್ಲಿ ನಡುಗುತ್ತದೆ ಅಂತ ದಾಖಲಿಸಿಕೊಳ್ಳಿ. ಮುಂದೊಂದು ದಿನ ಪಂಪು ಬದಲಾಗಿ ಕ್ಯಾವಿಟಿ ಸುಮ್ಮಸುಮ್ಮನೆ ಅಲುಗಾಡಲು ಶುರುಮಾಡಿದಾಗ ಮೊದಲು ತೆರೆದು ನೋಡಬೇಕಾದ ಪುಟ ಅದೇ.